ಆ ಕಡೆಯವರು ಏನಾದರು?

ನಮ್ಮ ಮಲೆನಾಡಿನ ಸಾಗರದ ಕಡೆ ಆಟ ಎಂದರೆ ಒಂದೇ ಅರ್ಥ. ಕ್ರಿಕೆಟ್ಟಿಗೆ ಕ್ರಿಕೆಟ್ಟು ಎನ್ನುತ್ತಾರೆ, ಕಬಡ್ಡಿಗೆ ಕಬಡ್ಡಿ. ಬರಿಯ ‘ಆಟ’ ಎಂದರೆ ಯಕ್ಷಗಾನ. ‘ಇವತ್ತು ಆಟ ಇದೆ’ ಎಂದು ಯಾರಾದರೂ ಅಂದರೆ ಗದ್ದೆ ಬಯಲಿನಲ್ಲಿ ರಂಗಸ್ಥಳ ಎದ್ದಿದೆ, ರಾತ್ರಿಯೂಟ ಬೇಗ ಮುಗಿಸಬೇಕು, ಕಂಬಳಿ ಹುಡುಕಿಡಬೇಕು ಎಂದು ತಿಳಿಯಬೇಕು. ಹಾಗಾಗಿ 2022ರ ಸೆಪ್ಟೆಂಬರಿನಲ್ಲಿ ನಾನು ಉತ್ತರ ಕ್ಯಾರೊಲೈನಾದಿಂದ ಫೋನ್ ಮಾಡಿ, ‘ಅಪ್ಪಯ್ಯ, ಮೊಮ್ಮಗಳ ಕಾಲೇಜಿನ ಆಟ ಈ ವಾರವೂ ಭಾರಿಯಾಗಿತ್ತು’ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಯಾವ ಪ್ರಸಂಗ?’

ಅಮೆರಿಕದ ಫುಟ್‌ಬಾಲು ಎಂದು ಬಿಡಿಸಿ ಹೇಳಿದೆ. ಕಾಲಿನಲ್ಲಿ ಒದೆಯುವುದು ಕಡಿಮೆ, ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ತಳ್ಳಿಕೊಂಡು ತಳ್ಳಿಕೊಂಡು ಕೊನೆಯ ಗೆರೆ ದಾಟಿದರೆ ಆರು ಅಂಕ, ಅದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಅದರ ಬೆನ್ನಿಗೇ ಚೆಂಡು ಒದ್ದು ಇನ್ನೊಂದು ಅಂಕ, ಇಲ್ಲವೇ ಮತ್ತೊಮ್ಮೆ ಗೆರೆ ದಾಟಿ ಎರಡು ಅಂಕ ಗಳಿಸಲು ಯತ್ನಿಸಬಹುದು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದರೆ ಬೇಲಿ ಒತ್ತುವರಿ’ ಎಂದರು. ಪಕ್ಕದ ತೋಟದವರ ಜೊತೆ ಇಪ್ಪತ್ತು ವರ್ಷ ಗಡಿ ತಕರಾರು ನಡೆಸಿದ ಮನುಷ್ಯ. ಅದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಶಾರ್ಲೆಟ್ ನಗರದಲ್ಲಿ ಹದಿನಾಲ್ಕು ವರ್ಷ ಇದ್ದರೂ ನಾನು ಈ ಆಟದತ್ತ ತಲೆ ಹಾಕಿದವಳಲ್ಲ. ಮಗಳು ಬೂನ್ ಎಂಬ ಬೆಟ್ಟದೂರಿನ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಮೇಲೆ, ಅವಳ ಜೊತೆ ಮಾತಿಗೆ ಒಂದು ವಿಷಯ ಬೇಕಲ್ಲ ಎಂದು ಶುರುವಾದದ್ದು. ‘ಊಟ ಆಯಿತಾ’ ಎಂಬ ಪ್ರಶ್ನೆಗೆ ಹದಿನೆಂಟರ ಹುಡುಗಿ ಒಂದು ‘ಹೂಂ’ ಕೊಡುತ್ತಾಳೆ. ‘ಆ ಎರಡು ಅಂಕದ ಯತ್ನ ಯಾಕೆ ತಪ್ಪಿತು’ ಎಂದು ಕೇಳಿ ನೋಡಿ, ಇಪ್ಪತ್ತು ನಿಮಿಷ ಮಾತಾಡುತ್ತಾಳೆ.

ಆದರೆ ಮೂರೂವರೆ ಗಂಟೆ ಕುಳಿತು ನೋಡುವ ವ್ಯವಧಾನ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ದೋಸೆ ಕಾವಲಿಯ ಪಕ್ಕ ಫೋನ್ ನಿಲ್ಲಿಸಿಕೊಂಡು, ಸನ್ ಬೆಲ್ಟ್ ಕಾನ್ಫರೆನ್ಸಿನ ಆ ವಾರದ ಮುಖ್ಯಾಂಶಗಳನ್ನು ನೋಡುವುದು ರೂಢಿಯಾಯಿತು. ಹತ್ತು ನಿಮಿಷಕ್ಕೆ ಒಂದು ಪಂದ್ಯ. ಎರಡು ದೋಸೆ ಏಳುವುದರೊಳಗೆ ಒಂದು ವಿಶ್ವವಿದ್ಯಾಲಯ ಮುಳುಗಿರುತ್ತಿತ್ತು.

ಕಾನ್ಫರೆನ್ಸ್ ಎಂದರೆ ಕಾಲೇಜುಗಳ ಒಕ್ಕೂಟ. ತಂಡಗಳು ಹೆಚ್ಚಿನ ಪಂದ್ಯಗಳನ್ನು ತಮ್ಮ ಒಕ್ಕೂಟದೊಳಗೇ ಆಡುತ್ತವೆ, ಹೊರಗಿನವರ ಜೊತೆ ಮೂರು ನಾಲ್ಕು ಮಾತ್ರ, ಅವೂ ಹೆಚ್ಚಾಗಿ ಋತುವಿನ ಆರಂಭದಲ್ಲಿ. ಬಿಗ್ ಟೆನ್, ಎಸ್‌ಇಸಿ ಮೊದಲಾದವು ದೊಡ್ಡವು. ನಮ್ಮ ಲೆಕ್ಕದಲ್ಲಿ ಡೇರೆ ಮೇಳಗಳು. ಮಗಳ ಕಾಲೇಜು ಇರುವ ಸನ್ ಬೆಲ್ಟ್ ಬಯಲಾಟದ ಮೇಳ. ಆ ವರ್ಷ ಮಾರ್ಷಲ್, ಓಲ್ಡ್ ಡೊಮಿನಿಯನ್, ಸದರ್ನ್ ಮಿಸ್, ಜೇಮ್ಸ್ ಮ್ಯಾಡಿಸನ್ ಎಂಬ ನಾಲ್ವರು ಹೊಸಬರು ಬಂದು ಸೇರಿ ಹದಿನಾಲ್ಕು ತಂಡಗಳಾಗಿದ್ದವು. ದೊಡ್ಡವರ ದೂರದರ್ಶನದ ಒಪ್ಪಂದಗಳ ಮುಂದೆ ಇವರ ಬಾಬತ್ತು ಚಿಲ್ಲರೆ. ದೊಡ್ಡ ಕಾಲೇಜುಗಳು ಸೆಪ್ಟೆಂಬರಿನಲ್ಲಿ ಇಂಥವರನ್ನು ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುತ್ತವೆ. ಮೈದಾನ ತುಂಬುತ್ತದೆ, ಟಿಕೆಟ್ ಹಣ ಬರುತ್ತದೆ, ಗೆಲುವೂ ಸಿಗುತ್ತದೆ. ಬಂದವರು ಪೆಟ್ಟು ತಿಂದು ಚೆಕ್ಕು ತೆಗೆದುಕೊಂಡು ಹೋಗುತ್ತಾರೆ, ಆ ಹಣದಲ್ಲಿ ಅವರ ಉಳಿದ ಕ್ರೀಡೆಗಳು ವರ್ಷವಿಡೀ ನಡೆಯುತ್ತವೆ. ಇದರಲ್ಲಿ ಗುಟ್ಟೇನಿಲ್ಲ, ಒಪ್ಪಂದದ ಮೊತ್ತ ಪತ್ರಿಕೆಗಳಲ್ಲೇ ಬರುತ್ತದೆ.

ಆ ಸೆಪ್ಟೆಂಬರಿನಲ್ಲಿ ಈ ಏರ್ಪಾಡು ಕೆಟ್ಟಿತು. ಸೂಚನೆ ಮೊದಲ ಶುಕ್ರವಾರವೇ ಸಿಕ್ಕಿತ್ತು. ಓಲ್ಡ್ ಡೊಮಿನಿಯನ್ ತನ್ನ ನಾರ್ಫೋಕ್‌ನಲ್ಲಿ ವರ್ಜೀನಿಯಾ ಟೆಕ್ ತಂಡವನ್ನು 20–17ರಿಂದ ಸೋಲಿಸಿತು. ನಾನು ಅದನ್ನು ಗಮನಿಸಲೇ ಇಲ್ಲ. ಚೌತಿ ಹಬ್ಬ ಬುಧವಾರ ಮುಗಿದಿತ್ತು, ಮಗಳಿಗೆ ಚಕ್ಕುಲಿ ಪಂಚಕಜ್ಜಾಯ ಕಟ್ಟುವುದರಲ್ಲಿ ಮುಳುಗಿದ್ದೆ.

ಮಾರನೆಯ ದಿನ, ಸೆಪ್ಟೆಂಬರ್ 3ರಂದು, ನಾನೂ ಇವರೂ ಆ ಡಬ್ಬಗಳನ್ನು ಹೊತ್ತು 321ನೇ ಹೆದ್ದಾರಿ ಹಿಡಿದು ಹೊರಟೆವು. ಲೆನಾರ್ ದಾಟಿದ ಮೇಲೆ ರಸ್ತೆ ಘಟ್ಟ ಹತ್ತುತ್ತದೆ. ಬ್ಲೋಯಿಂಗ್ ರಾಕ್ ಬರುವಾಗ ಗಾಳಿಯ ತಂಪೇ ಬೇರೆ, ಕಿಟಕಿ ಇಳಿಸಿದರೆ ಆಗುಂಬೆಯ ನೆನಪು. ಬೂನ್ ಇರುವುದು 3,300 ಅಡಿಗೂ ಮೇಲೆ, ಮಡಿಕೇರಿಗಿಂತ ತುಸು ಕೆಳಗೆ. ಜನ 20 ಸಾವಿರದ ಒಳಗೆ. ಆ ದಿನ ಅಲ್ಲಿನ ಕಿಡ್ ಬ್ರೂವರ್ ಮೈದಾನವೊಂದರಲ್ಲೇ 40,168 ಮಂದಿ ಇದ್ದರು, ಆ ಮೈದಾನದ ದಾಖಲೆ. ರಾಜ್ಯದ ದೊಡ್ಡಣ್ಣ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡ ಬೆಟ್ಟ ಹತ್ತಿ ಬಂದಿತ್ತು. ನಮಗೆ ಇದೊಂದೂ ಗೊತ್ತಿಲ್ಲ. ಮಗಳು ಒಳಗಿದ್ದಳು, ಫೋನ್ ಎತ್ತುತ್ತಿರಲಿಲ್ಲ. ಅಂಗಡಿಯೊಂದರ ಮುಂದಿನ ಜಾಗದಲ್ಲಿ ಕಾರು ನಿಲ್ಲಿಸಿ, ಅವಳಿಗೆ ತಂದ ಚಕ್ಕುಲಿಯನ್ನು ನಾವೇ ತಿನ್ನುತ್ತ ಕುಳಿತೆವು.

ಆ ಪಂದ್ಯವನ್ನು ನಾನು ನೋಡಲಿಲ್ಲ, ಕೇಳಿದೆ. ಸುತ್ತ ಬೆಟ್ಟಗಳಿರುವುದರಿಂದ ಸದ್ದು ಮೈದಾನದಿಂದ ಎದ್ದು ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ. ಬಹಳ ಹೊತ್ತು ಮಂಕಾಗಿದ್ದ ಗಲಾಟೆ ಮಧ್ಯಾಹ್ನ ಇಳಿಯುವಾಗ ಇದ್ದಕ್ಕಿದ್ದಂತೆ ಏರತೊಡಗಿತು. ಒಂದು ಅಲೆ ಇಳಿಯುವುದರೊಳಗೆ ಇನ್ನೊಂದು. ಇವರು ಕೈಯಲ್ಲಿದ್ದ ಚಕ್ಕುಲಿಯನ್ನು ಹಾಗೇ ಹಿಡಿದು, ‘ಒಳಗೆ ಏನೋ ಆಗುತ್ತಿದೆ’ ಎಂದರು. ಕೊನೆಯಲ್ಲಿ ಸದ್ದು ಏರಿ, ಏರಿ, ಥಟ್ಟನೆ ಕಡಿಯಿತು. ಚಂಡೆಯವನ ಕೈಯಿಂದ ಕೋಲು ಬಿದ್ದಂತೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಏರಿಕೆ, ಮತ್ತೆ ಅದೇ ಮೌನ.

ಒಳಗೆ ಏನಾಯಿತೆಂದು ಮರುದಿನ ದೋಸೆಯ ಪಕ್ಕ ತಿಳಿಯಿತು. ಆಟದ ನಾಲ್ಕು ಕಾಲುಭಾಗಗಳಲ್ಲಿ, ಅಂದರೆ ಕ್ವಾರ್ಟರ್‌ಗಳಲ್ಲಿ, ಮೂರನೆಯದು ಮುಗಿದಾಗ ನಮ್ಮವರು 21–41ರಿಂದ ಹಿಂದಿದ್ದರು. ಕೊನೆಯ ಕ್ವಾರ್ಟರ್ ಒಂದರಲ್ಲೇ 40 ಅಂಕ ಹೊಡೆದರು. 31 ಸೆಕೆಂಡು ಉಳಿದಿದ್ದಾಗ ಅಂತರ ಒಂದೇ ಅಂಕಕ್ಕೆ ಇಳಿಯಿತು. ಒದ್ದು ಒಂದು ಅಂಕ ಗಳಿಸಿದ್ದರೆ ಸಮ. ಗೆದ್ದೇ ಬಿಡೋಣ ಎಂದು ಎರಡು ಅಂಕದ ಯತ್ನಕ್ಕೆ ಹೋದರು, ತಪ್ಪಿತು. ಅದು ಮೊದಲ ಮೌನ. ಚೆಂಡನ್ನು ಮರಳಿ ಕಿತ್ತುಕೊಳ್ಳಲು ಚಿಕ್ಕದಾಗಿ ಒದ್ದರೆ ಎದುರಾಳಿಯೊಬ್ಬ ಅದನ್ನೇ ಎತ್ತಿಕೊಂಡು ಓಡಿ ಅಂಕ ಗಳಿಸಿದ. ಒಂಬತ್ತು ಸೆಕೆಂಡು ಇರುವಾಗ ನಮ್ಮವರು ಮತ್ತೊಂದು ಟಚ್‌ಡೌನ್ ಬಾರಿಸಿದರು. ಸಮವಾಗಲು ಎರಡು ಅಂಕ ಬೇಕಿತ್ತು, ಅದೂ ತಪ್ಪಿತು. ಎರಡನೆಯ ಮೌನ. 61–63. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರ, ಚೇಸ್ ಬ್ರೈಸ್ ಆರು ಟಚ್‌ಡೌನ್ ಎಸೆತಗಳನ್ನು ಎಸೆದೂ ಸೋತಿದ್ದ.

ವಿಡಿಯೋದಲ್ಲಿ ಅಂಕಗಳೆಲ್ಲ ಇದ್ದವು, ನಾನು ಕೇಳಿದ ಮೌನಗಳು ಮಾತ್ರ ಇರಲಿಲ್ಲ. ಸೋತ ಯತ್ನ ಮುಗಿದ ಮರುಕ್ಷಣ ಕತ್ತರಿಸಿ ಮುಂದಿನ ದೃಶ್ಯಕ್ಕೆ ಹಾರಿದ್ದರು. ಏನೋ ಕಳೆದಂತಾಯಿತು, ಆದರೆ ಏನೆಂದು ಆಗ ಹೇಳಲು ಬರುತ್ತಿರಲಿಲ್ಲ.

ಸೆಪ್ಟೆಂಬರ್ 10ರ ಶನಿವಾರದ ಬಗ್ಗೆ ಅಮೆರಿಕದ ಫುಟ್‌ಬಾಲ್ ಮಂದಿ ಈಗಲೂ ಮಾತಾಡುತ್ತಾರೆ. ಒಂದೇ ದಿನ, ಮೂರು ಊರು, ಮೂವರು ದೊಡ್ಡವರು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಮಾರ್ಷಲ್ ತಂಡ ಎಂಟನೆಯ ಶ್ರೇಯಾಂಕದ ನೋಟರ್ ಡೇಮ್ ತಂಡವನ್ನು 26–21ರಿಂದ ಸೋಲಿಸಿತು. ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಅಪಲಾಚಿಯನ್ ಸ್ಟೇಟ್ ಆರನೆಯ ಶ್ರೇಯಾಂಕದ ಟೆಕ್ಸಾಸ್ ಎ ಆ್ಯಂಡ್ ಎಂ ತಂಡವನ್ನು 17–14ರಿಂದ. ರಾತ್ರಿ ಲಿಂಕನ್‌ನಲ್ಲಿ ಜಾರ್ಜಿಯಾ ಸದರ್ನ್ ನೆಬ್ರಾಸ್ಕಾ ತಂಡವನ್ನು 45–42ರಿಂದ. ಸೋತ ಮೂವರೂ ಗೆದ್ದವರನ್ನು ಹಣ ಕೊಟ್ಟು ಕರೆಸಿದ್ದರು: ಮಾರ್ಷಲ್‌ಗೆ ಹನ್ನೆರಡೂವರೆ ಲಕ್ಷ ಡಾಲರ್, ನಮ್ಮವರಿಗೆ 15 ಲಕ್ಷ, ಜಾರ್ಜಿಯಾ ಸದರ್ನ್‌ಗೆ ಸುಮಾರು 14 ಲಕ್ಷ. ಒಟ್ಟು 40 ಲಕ್ಷ ಡಾಲರ್ ಮೀರಿತು.

ಅಪ್ಪಯ್ಯನಿಗೆ ಇದು ಬಹಳ ಹಿಡಿಸಿತು. ‘ವೀಳ್ಯ ಕೊಟ್ಟು ಮೇಳ ಕರೆಸಿ, ಕೊನೆಗೆ ಊರವರೇ ಚೌಕಿಯಲ್ಲಿ ಪೆಟ್ಟು ತಿಂದು ಬಂದ ಹಾಗಾಯಿತು’ ಎಂದು ನಕ್ಕರು. ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಸುವ ಚಿಂತೆಯ ನಡುವೆ ಅವರು ಹಾಗೆ ನಕ್ಕದ್ದು ನನಗೆ ಬೋನಸ್ಸು.

ನೆಬ್ರಾಸ್ಕಾದ ಕತೆ ಸ್ವಲ್ಪ ಕ್ರೂರವಾದದ್ದು. ತಮ್ಮ ಮೈದಾನದಲ್ಲಿ 35 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದ 214 ಪಂದ್ಯಗಳಲ್ಲಿ ಅವರು ಒಮ್ಮೆಯೂ ಸೋತಿರಲಿಲ್ಲ. ಜಾರ್ಜಿಯಾ ಸದರ್ನ್‌ನ ಕೈಲ್ ವ್ಯಾನ್‌ಟ್ರೀಸ್ 36 ಸೆಕೆಂಡು ಬಾಕಿ ಇರುವಾಗ ತಾನೇ ಎಂಟು ಗಜ ಓಡಿ ಗೆರೆ ದಾಟಿದ. ಮಾರನೆಯ ದಿನ ನೆಬ್ರಾಸ್ಕಾ ತನ್ನ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆದುಹಾಕಿತು. ಅದೇ ಕಾಲೇಜಿನ ಹಳೆಯ ವೀರ, 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕ್ವಾರ್ಟರ್‌ಬ್ಯಾಕ್. ಅಕ್ಟೋಬರ್ 1ರವರೆಗೆ ತಡೆದಿದ್ದರೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ಕಾಯಲು ಅವರಿಗೆ ಆಗಲಿಲ್ಲ. ಎದುರು ಪಾಳಯದ ಕೋಚ್ ಕ್ಲೇ ಹೆಲ್ಟನ್ ಅವರನ್ನು ಹೆಚ್ಚುಕಡಿಮೆ ಒಂದು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ದೊಡ್ಡ ಕಾಲೇಜೊಂದು ಹೀಗೆಯೇ ಋತುವಿನ ನಡುವೆ ಮನೆಗೆ ಕಳಿಸಿತ್ತು. ಲೆಕ್ಕ ಎಲ್ಲಿಂದ ಎಲ್ಲಿಗೋ ಚುಕ್ತಾ ಆಗುತ್ತದೆ.

ಆದರೆ ನಾನು ಹೇಳಬೇಕೆಂದಿದ್ದು ನಮ್ಮವರ ಪಂದ್ಯದ ಬಗ್ಗೆ. 17–14ರ ಮುಖ್ಯಾಂಶಗಳಲ್ಲಿ ಅತ್ಯಂತ ಚೆಂದದ ದೃಶ್ಯ ಸೋತವರದ್ದು. ಎ ಆ್ಯಂಡ್ ಎಂ ತಂಡದ ಡಿವಾನ್ ಅಚೇನ್ ಒದ್ದು ಕಳಿಸಿದ ಚೆಂಡನ್ನು ಹಿಡಿದು 95 ಗಜ ಓಡಿ ಟಚ್‌ಡೌನ್ ಮಾಡಿದ. ಜಿಂಕೆಯೇ ಸರಿ. ನಾನು ಮೂರು ಸಲ ಹಿಂದಕ್ಕೆ ಎಳೆದು ನೋಡಿದೆ, ಒಂದು ದೋಸೆ ಸೀದಿತು. ನಮ್ಮವರದ್ದು ಏನೂ ಕಾಣಲಿಲ್ಲ. ಮೂರು ಗಜ, ನಾಲ್ಕು ಗಜ, ಒಂದು ಚಿಕ್ಕ ಒದೆತ, ಮುಗಿಯಿತು. ‘ಇವರು ಗೆದ್ದದ್ದು ಹೇಗೆ?’ ಎಂದು ಮಗಳನ್ನು ಕೇಳಿದೆ.

‘ಅಮ್ಮ, ನೀನು ಪಂದ್ಯ ನೋಡಬೇಕಿತ್ತು’ ಎಂದಳು.

ಅವಳು ಆಮೇಲೆ ವಿವರಿಸಿದ್ದು ಇದು. ಅರವತ್ತು ನಿಮಿಷದ ಆಟದಲ್ಲಿ ನಮ್ಮವರು ಚೆಂಡನ್ನು ನಲವತ್ತೊಂದು ನಿಮಿಷಕ್ಕೂ ಹೆಚ್ಚು ಕಾಲ ತಮ್ಮ ಬಳಿಯೇ ಇಟ್ಟುಕೊಂಡರು. ಅವರ ಯತ್ನಗಳು 82, ಎ ಆ್ಯಂಡ್ ಎಂ ತಂಡದ್ದು 38. ಓಡಿ ಮೈದಾನದೊಳಗೇ ಬಿದ್ದರೆ ಗಡಿಯಾರ ನಿಲ್ಲುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಓಡಿ, ಮತ್ತೆ ಮತ್ತೆ ಬಿದ್ದು, ನಿಧಾನವಾಗಿ ಎದ್ದು, ಸಮಯವನ್ನು ತಿಂದರು. ಅಚೇನ್‌ನಂಥವನು ಪಕ್ಕದ ಗೆರೆಯಾಚೆ ನೀರು ಕುಡಿಯುತ್ತ ನಿಲ್ಲುವಂತೆ ಮಾಡುವುದೇ ಅವರ ತಂತ್ರ. ಕೊನೆಯಲ್ಲಿ ಎ ಆ್ಯಂಡ್ ಎಂನವರ 47 ಗಜದ ಒದೆತ ತಪ್ಪಿದಾಗ ಇನ್ನೂ ಮೂರೂವರೆ ನಿಮಿಷ ಇತ್ತು. ಚೆಂಡು ಅವರಿಗೆ ಮತ್ತೆ ಸಿಗಲೇ ಇಲ್ಲ.

ಸೋತವರ ಹತ್ತು ಹನ್ನೆರಡು ಸೆಕೆಂಡುಗಳ ಓಟವನ್ನು ತೋರಿಸಿದ್ದರು, ಗೆದ್ದವರ ನಲವತ್ತೊಂದು ನಿಮಿಷಗಳನ್ನು ತೋರಿಸಿರಲಿಲ್ಲ. ಮಾರ್ಷಲ್ ಪಂದ್ಯದಲ್ಲೂ ಹೀಗೆಯೇ. ನೋಟರ್ ಡೇಮ್ ಮುಂದಿದ್ದಾಗ ಅವರು ತಮ್ಮ ಗೆರೆಯ ಬುಡದಿಂದ ಹೊರಟು 94 ಗಜ ಸವೆಸಿ ಮುನ್ನಡೆ ಪಡೆದರು. ವಿಡಿಯೋದಲ್ಲಿ ಉಳಿದದ್ದು ಕೊನೆಯ ಕೆಲವೇ ಗಜ. ಆ ಮಾರ್ಷಲ್ ಎಂಬ ಹೆಸರಿನ ಹಿಂದೆ ಇರುವುದನ್ನಂತೂ ಯಾವ ವಿಡಿಯೋ ತುಂಬಿಕೊಂಡೀತು? 1970ರ ನವೆಂಬರ್ 14ರಂದು ಅವರ ತಂಡ ಪಂದ್ಯ ಮುಗಿಸಿ ಮರಳುವಾಗ ವಿಮಾನ ಬಿದ್ದು ಅದರಲ್ಲಿದ್ದ ಎಪ್ಪತ್ತೈದೂ ಮಂದಿ ತೀರಿಕೊಂಡರು. ಈಗಲೂ ಪ್ರತಿವರ್ಷ ಆ ದಿನ ಹಂಟಿಂಗ್‌ಟನ್‌ನ ಕಾಲೇಜು ಆವರಣದ ಸ್ಮಾರಕ ಕಾರಂಜಿಯನ್ನು ನಿಲ್ಲಿಸುತ್ತಾರೆ, ವಸಂತ ಬರುವವರೆಗೆ ನೀರು ಚಿಮ್ಮುವುದಿಲ್ಲ.

ಈ ದೂರನ್ನೆಲ್ಲ ಅಪ್ಪಯ್ಯನ ಬಳಿ ಹೇಳಿದೆ. ಹೇಳಬಾರದಿತ್ತು. ಅವರ ಇಪ್ಪತ್ತು ವರ್ಷದ ಹಳೆಯ ಗಾಯಕ್ಕೆ ಕೈ ಹಾಕಿದಂತಾಯಿತು. ‘ಅದು ಕಾಲಮಿತಿ, ಕೂಸೇ’ ಎಂದರು.

ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನವನ್ನು ಮಧ್ಯರಾತ್ರಿಯೊಳಗೆ ಮುಗಿಸುವ ಪದ್ಧತಿಗೆ ಕಾಲಮಿತಿ ಪ್ರಯೋಗ ಎನ್ನುತ್ತಾರೆ. ಜನರಿಗೆ ಮರುದಿನ ಕೆಲಸಕ್ಕೆ ಹೋಗಬೇಕು, ನಿದ್ದೆಗೆಡಲು ಆಗುವುದಿಲ್ಲ. ಅದರಲ್ಲಿ ತಪ್ಪೇನು ಎಂಬುದು ನನ್ನ ಅಭಿಪ್ರಾಯ. ಅಪ್ಪಯ್ಯನ ಪ್ರಕಾರ ಅದು ಕಲಾವಧೆ. ‘ರಾಜ ಬಂದ, ಯುದ್ಧ ಮಾಡಿದ, ಸತ್ತ, ಮಂಗಳ. ಒಡ್ಡೋಲಗ ಎಲ್ಲಿ? ಅವನು ಯಾಕೆ ಹೊರಟ, ಹೊರಡುವಾಗ ಹೆಂಡತಿಗೆ ಏನು ಹೇಳಿದ, ಅದೆಲ್ಲ ಎಲ್ಲಿ? ಕುಣಿದವನನ್ನು ಎಲ್ಲರೂ ನೋಡುತ್ತಾರೆ. ಎದುರು ನಿಂತು ಅರ್ಥ ಹೇಳಿದವನು ಇಲ್ಲದಿದ್ದರೆ ಅವನು ಕುಣಿಯುವುದು ಯಾರ ಮೇಲೆ?’

ನಾನು ಸುಮ್ಮನೆ ಕೇಳಿಸಿಕೊಂಡೆ. ನನಗೆ ನೆನಪಿರುವಂತೆ ಬಯಲಾಟಕ್ಕೆ ಹೋದ ರಾತ್ರಿಗಳಲ್ಲಿ ಅಪ್ಪಯ್ಯ ಒಂದು ಗಂಟೆಗೆ ಕಂಬಳಿ ಹೊದ್ದರೆ ಮೂರಕ್ಕೆ ಮೊದಲು ಏಳುತ್ತಿರಲಿಲ್ಲ. ಇಡೀ ರಾತ್ರಿಯ ಆಟದ ಈ ವಕೀಲರು ಅದರ ಮಧ್ಯಭಾಗವನ್ನು ಬಹುಶಃ ಜೀವನದಲ್ಲೇ ನೋಡಿಲ್ಲ.

ಸೆಪ್ಟೆಂಬರ್ 17. ಹಿಂದಿನ ವಾರದ ಗೆಲುವಿನ ಕಾರಣದಿಂದ ಇಎಸ್‌ಪಿಎನ್ ವಾಹಿನಿಯ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ ತನ್ನ ಬಸ್ಸು, ಕ್ಯಾಮೆರಾ, ಗದ್ದಲ ಸಮೇತ ಬೂನ್‌ಗೆ ಬಂದಿತ್ತು. ಅದೇ ಕಾಲೇಜಿನಲ್ಲಿ ಓದಿದ ಗಾಯಕ ಲ್ಯೂಕ್ ಕೋಂಬ್ಸ್ ಅತಿಥಿ. ಮಗಳು ಬೆಳಗಿನ ಜಾವದಿಂದ ಚಳಿಯಲ್ಲಿ ನಿಂತಿದ್ದಳಂತೆ. ಮನೆಯಲ್ಲಿ ಆರಕ್ಕೆ ಏಳೆಂದರೆ ಏಳದವಳು. ಎದುರಾಳಿ ಅಲಬಾಮಾದ ಟ್ರಾಯ್, ಇದೇ ಸನ್ ಬೆಲ್ಟ್‌ನ ತಂಡ.

ಈ ಪಂದ್ಯದ ಕೊನೆಯನ್ನು ಫುಟ್‌ಬಾಲ್ ಗೊತ್ತಿಲ್ಲದವರೂ ಎಲ್ಲೋ ಫೋನಿನಲ್ಲಿ ನೋಡಿರಬಹುದು. ಟ್ರಾಯ್ 28–24ರಿಂದ ಮುಂದಿತ್ತು. ತಮ್ಮದೇ ಗೆರೆಯ ಬುಡದಲ್ಲಿ ಚೆಂಡು ಸಿಕ್ಕಿಬಿದ್ದಿದ್ದರಿಂದ, ಅಲ್ಲಿ ಎಡವಿ ಎಲ್ಲ ಕಳೆದುಕೊಳ್ಳುವುದಕ್ಕಿಂತ ಬೇಕೆಂದೇ ಎರಡು ಅಂಕ ಬಿಟ್ಟುಕೊಟ್ಟು ಚೆಂಡನ್ನು ದೂರ ಒದೆಯುವ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. 28–26. ಉಳಿದದ್ದು ಒಂದೇ ಎಸೆತಕ್ಕೆ ಸಾಲುವಷ್ಟು ಸಮಯ. ಬ್ರೈಸ್ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೆದ. ಗೆರೆಗಿಂತ ಹಿಂದೆಯೇ ಇಳಿದ ಚೆಂಡು ಗುಂಪಿನಲ್ಲಿ ಯಾರದೋ ಕೈ ತಾಗಿ ಹಾರಿ ಕ್ರಿಶ್ಚಿಯನ್ ಹಾರ್ನ್ ಎಂಬವನ ಕೈಗೆ ಬಿತ್ತು. ಅವನು ಬಲಕ್ಕೆ ಸುತ್ತಿಕೊಂಡು ಓಡಿ ಗೆರೆ ದಾಟಿದ. 53 ಗಜ, ಗಡಿಯಾರದಲ್ಲಿ ಸೊನ್ನೆ, 32–28. ಜನ ಮೈದಾನಕ್ಕೆ ನುಗ್ಗಿದರು. ಮಗಳ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಎಲ್ಲೋ ಇದೆ.

ಆ ತುಣುಕನ್ನು ಅಪ್ಪಯ್ಯನಿಗೆ ವಾಟ್ಸ್ಆ್ಯಪ್ ಮಾಡಿದೆ. ಅಲ್ಲಿ ಆಗ ಭಾನುವಾರದ ನಸುಕು. ಹಾಲು ಕರೆದು ಬಂದು ನೋಡಿರಬೇಕು, ಅರ್ಧ ಗಂಟೆಯ ನಂತರ ಫೋನ್ ಬಂತು. ಹೊಗಳುತ್ತಾರೆಂದುಕೊಂಡೆ.

‘ಆ ಕಡೆಯವರು ಏನಾದರು?’

‘ಯಾವ ಕಡೆಯವರು?’

‘ಕೆಂಪು ಅಂಗಿಯವರೋ ಬಿಳಿಯವರೋ, ಸೋತರಲ್ಲ. ಒಬ್ಬ ನೆಲದ ಮೇಲೆ ಹಾಗೇ ಕುಳಿತಿದ್ದ. ಅವನು ಎದ್ದನೋ?’

ನಾನು ಆ ದೃಶ್ಯವನ್ನು ಅಷ್ಟು ಹೊತ್ತಿಗೆ ಹತ್ತಿಪ್ಪತ್ತು ಸಲ ನೋಡಿದ್ದೆ. ಹಾರ್ನ್ ಓಡುವುದನ್ನು ನೋಡಿದ್ದೆ, ಜನ ಉಕ್ಕುವುದನ್ನು ನೋಡಿದ್ದೆ. ಕುಳಿತವನನ್ನು ನೋಡಿರಲಿಲ್ಲ. ಮತ್ತೆ ತೆರೆದು ನೋಡಿದೆ. ಹೌದು, ಜನರ ಕಾಲುಗಳ ನಡುವೆ ಒಬ್ಬ ಕುಳಿತಿದ್ದ. ಕ್ಯಾಮೆರಾ ಅವನನ್ನು ದಾಟಿ ಹೋಗುತ್ತಿತ್ತು.

ಅಂದಿನಿಂದ ನಾನು ಟ್ರಾಯ್ ತಂಡದ ಬೆನ್ನು ಹತ್ತಿದೆ. ಮಗಳಿಗೆ ಇದು ದ್ರೋಹವಾಗಿ ಕಂಡಿತು.

ಮುಂದಿನ ವಾರ, ಸೆಪ್ಟೆಂಬರ್ 24ರಂದು, ಎರಡು ಸಂಗತಿಗಳಾದವು. ಒಂದು ದೊಡ್ಡ ಸುದ್ದಿಯಾಯಿತು: ಒಕ್ಕೂಟಕ್ಕೆ ಹೊಸದಾಗಿ ಬಂದಿದ್ದ ಜೇಮ್ಸ್ ಮ್ಯಾಡಿಸನ್ ತಂಡ ಬೂನ್‌ಗೇ ಬಂದು, 3–28ರಿಂದ ಹಿಂದಿದ್ದುಕೊಂಡು, ನಮ್ಮವರನ್ನು 32–28ರಿಂದ ಸೋಲಿಸಿತು. ಅಂಕ ನೋಡಿ, ಹಿಂದಿನ ವಾರದ್ದೇ ಅಂಕ, ತಿರುವುಮುರುವು. ವಿಧಿಗೆ ಹೊಸ ಸಂಖ್ಯೆ ಹುಡುಕುವ ಶ್ರಮವೂ ಬೇಡವಾಗಿತ್ತು. ಇನ್ನೊಂದು ಸುದ್ದಿಯಾಗಲಿಲ್ಲ: ಟ್ರಾಯ್ ತಂಡ ಮಾರ್ಷಲ್ ತಂಡವನ್ನು 16–7ರಿಂದ ಸೋಲಿಸಿತು. ನೋಟರ್ ಡೇಮ್ ತಂಡವನ್ನು ಮಣಿಸಿ ಎರಡು ವಾರವಾಗಿತ್ತಷ್ಟೆ, ಆ ಮಾರ್ಷಲ್‌ಗೆ ಒಂದೇ ಒಂದು ಟಚ್‌ಡೌನ್. ಮುಖ್ಯಾಂಶದಲ್ಲಿ ತೋರಿಸಲು ಹೆಚ್ಚೇನೂ ಇರಲಿಲ್ಲ. ಬೀಳಿಸಿದರು, ಬೀಳಿಸಿದರು, ಬೀಳಿಸಿದರು.

ಆಮೇಲೆ ಅವರು ಸೋಲಲೇ ಇಲ್ಲ. ಅಕ್ಟೋಬರಿನಲ್ಲಿ ಟೆಕ್ಸಾಸ್ ಸ್ಟೇಟ್ ವಿರುದ್ಧ 17–14. ಸೌತ್ ಅಲಬಾಮಾ ವಿರುದ್ಧ 10–6. ಆ ಸೌತ್ ಅಲಬಾಮಾ ತಂಡವೇನೂ ಸಾಮಾನ್ಯದ್ದಲ್ಲ, ಬೂನ್‌ನ ಪವಾಡದ ದಿನವೇ ಲಾಸ್ ಏಂಜಲೀಸ್ ಕಡೆಗೆ ಹೋಗಿ ಯುಸಿಎಲ್ಎ ಎದುರು 31–32ರಿಂದ, ಕೊನೆಯ ಕ್ಷಣದ ಒದೆತಕ್ಕೆ ಸೋತು ಬಂದಿತ್ತು. ನವೆಂಬರಿನಲ್ಲಿ ಸೇನಾ ಅಕಾಡೆಮಿಯ ಆರ್ಮಿ ತಂಡದ ವಿರುದ್ಧ 10–9. ಇವು ಫುಟ್‌ಬಾಲಿನ ಅಂಕಗಳೇ ಅಲ್ಲ, ಬಡವರ ಮನೆಯ ಮದುವೆ ಖರ್ಚಿನ ಲೆಕ್ಕ. ಭಾನುವಾರದ ವಿಡಿಯೋಗಳಲ್ಲಿ ಟ್ರಾಯ್ ಭಾಗ ಬರುವಾಗ ಹಿನ್ನೆಲೆ ಸಂಗೀತಕ್ಕೂ ಉತ್ಸಾಹ ಇರುತ್ತಿರಲಿಲ್ಲ.

ಅವರ ನಡುವೆ ಒಬ್ಬ ಹುಡುಗನಿದ್ದ, ಕಾರ್ಲ್‌ಟನ್ ಮಾರ್ಷಲ್. ಹೆಸರು ಆ ಕಾಲೇಜಿನದೇ ಎನಿಸಿದರೂ ಸಂಬಂಧವಿಲ್ಲ. ಎತ್ತರ ಐದು ಅಡಿ ಒಂಬತ್ತು ಇಂಚು. ರಕ್ಷಣೆಯ ಎರಡನೆಯ ಸಾಲಿನಲ್ಲಿ ನಿಲ್ಲುವ ಲೈನ್‌ಬ್ಯಾಕರ್‌ಗಳ ನಡುವೆ ಇದು ಗಿಡ್ಡ. ವಿದ್ಯಾರ್ಥಿವೇತನ ಕೊಟ್ಟು ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದು ತಂಡ ಸೇರಿದವನು. ಅವನ ಕೆಲಸ ಓಡುತ್ತಿರುವವನನ್ನು ಹಿಡಿದು ಬೀಳಿಸುವುದು, ಅಂದರೆ ಟ್ಯಾಕಲ್. ಆ ನವೆಂಬರಿನ ಆರ್ಮಿ ಪಂದ್ಯದಲ್ಲಿ ಅವನು ಕಾಲೇಜು ಫುಟ್‌ಬಾಲಿನ ಅತ್ಯುನ್ನತ ವಿಭಾಗದ ವೃತ್ತಿಜೀವನದ ಟ್ಯಾಕಲ್ ದಾಖಲೆಯನ್ನು ಮುರಿದ. ಹಳೆಯದು 545. ಐನೂರಕ್ಕೂ ಮೀರಿ ಸಲ ಒಬ್ಬ ಮನುಷ್ಯನನ್ನು ತಡೆದು ನೆಲಕ್ಕೆ ಕೆಡವಿದ್ದಾನೆ. ಅವುಗಳಲ್ಲಿ ಮೂರು ಗಜಕ್ಕೆ ಬದಲು ಎರಡು ಗಜ ಕೊಟ್ಟದ್ದೇ ಸಾಧನೆಯಾದವು ಎಷ್ಟೋ ಇರಬೇಕು. ಅಪ್ಪಯ್ಯ ಹೇಳುವ, ಎದುರು ನಿಂತು ಅರ್ಥ ಹೇಳುವ ವೇಷಧಾರಿ ಇವನೇ ಎಂದು ನನಗೆ ಅನಿಸಿತು.

ಡಿಸೆಂಬರ್ 3ರಂದು ಟ್ರಾಯ್ ಕೋಸ್ಟಲ್ ಕ್ಯಾರೊಲೈನಾ ತಂಡವನ್ನು 45–26ರಿಂದ ಸೋಲಿಸಿ ಸನ್ ಬೆಲ್ಟ್ ಪ್ರಶಸ್ತಿ ಗೆದ್ದಿತು. ಋತುವಿನ ಕೊನೆಯಲ್ಲಿ ಅರ್ಹ ತಂಡಗಳಿಗಷ್ಟೇ ಸಿಗುವ ಬೌಲ್ ಪಂದ್ಯವನ್ನೂ ಗೆದ್ದು 12 ಜಯ, 2 ಸೋಲಿನೊಂದಿಗೆ ವರ್ಷ ಮುಗಿಸಿತು. ಬೂನ್‌ನ ಆ ಸಂಜೆಯ ನಂತರ ಸತತ ಹನ್ನೊಂದು ಗೆಲುವು.

ಇನ್ನು ಸೆಪ್ಟೆಂಬರಿನ ನಾಯಕರು. ನವೆಂಬರ್ 26ರಂದು ಅಪಲಾಚಿಯನ್ ಸ್ಟೇಟ್ ಮತ್ತು ಜಾರ್ಜಿಯಾ ಸದರ್ನ್, ದೊಡ್ಡವರನ್ನು ಒಂದೇ ದಿನ ಕೆಡವಿದ ಇಬ್ಬರು, ಕೊನೆಯ ಪಂದ್ಯದಲ್ಲಿ ಎದುರಾದರು. ಗೆದ್ದವರಿಗೆ ಬೌಲ್ ಪಂದ್ಯದ ಅರ್ಹತೆ. ಎರಡು ಹೆಚ್ಚುವರಿ ಸುತ್ತು ನಡೆದು ಜಾರ್ಜಿಯಾ ಸದರ್ನ್ 51–48ರಿಂದ ಗೆದ್ದಿತು. ನಮ್ಮವರು ಆರು ಗೆದ್ದು ಆರು ಸೋತಿದ್ದರು. ಸಾಮಾನ್ಯವಾಗಿ ಆರು ಸಾಕು. ಆದರೆ ಅವುಗಳಲ್ಲಿ ಎರಡು ಕೆಳಗಿನ ವಿಭಾಗದ ತಂಡಗಳ ಮೇಲಿನ ಗೆಲುವು, ನಿಯಮದ ಪ್ರಕಾರ ಒಂದನ್ನಷ್ಟೇ ಎಣಿಸುತ್ತಾರೆ. ಹೀಗೆ ಇಡೀ ದೇಶ ನೋಡಿದ ತಂಡ ಡಿಸೆಂಬರಿನಲ್ಲಿ ಮನೆಯಲ್ಲೇ ಉಳಿಯಿತು. 15 ಲಕ್ಷ ಡಾಲರ್ ತೆತ್ತು ಸೋತ ಎ ಆ್ಯಂಡ್ ಎಂ ಕೂಡ 5–7ರೊಂದಿಗೆ ಮನೆಯಲ್ಲೇ ಇತ್ತು, ಅದೊಂದು ಸಮಾಧಾನ ಮಗಳಿಗೆ.

ಆ ಜನವರಿಯಲ್ಲಿ ನಾವು ಊರಿಗೆ ಹೋಗಿದ್ದೆವು. ಅಂಗಳದ ತುಂಬ ಅಡಿಕೆ ಹರವಿತ್ತು. ಒಂದು ರಾತ್ರಿ ಊಟವಾದ ಮೇಲೆ ಅಪ್ಪಯ್ಯನೇ ಕೇಳಿದರು: ‘ಆ ಕೆಳಗೆ ಕುಳಿತವನ ಮೇಳದ್ದು ಒಂದು ಪೂರ್ತಿ ಆಟ ತೋರಿಸು. ಕತ್ತರಿಸಿದ್ದು ಬೇಡ.’ ಮಗಳು ಮುಖ ಸಿಂಡರಿಸಿಕೊಂಡೇ ಟ್ರಾಯ್–ಆರ್ಮಿ ಪಂದ್ಯದ ಪೂರ್ತಿ ದಾಖಲೆ ಹುಡುಕಿ, ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಳು. 10–9ರ ಪಂದ್ಯ. ನಾನು ಅಜ್ಜನಿಗೆ ಫಲಿತಾಂಶ ಹೇಳಬೇಡ ಎಂದು ಅವಳಿಗೆ ಸನ್ನೆ ಮಾಡಿದೆ. ಇವರು ಮೊದಲ ಐದು ನಿಮಿಷಕ್ಕೇ ಮಲಗಲು ಎದ್ದು ಹೋದರು.

ಆರ್ಮಿಯವರು ಚೆಂಡನ್ನು ಎಸೆಯುವುದೇ ಅಪರೂಪ. ಓಡುತ್ತಾರೆ, ಬೀಳುತ್ತಾರೆ, ಏಳುತ್ತಾರೆ. ಟ್ರಾಯ್‌ನವರು ಬೀಳಿಸುತ್ತಾರೆ. ಅಪ್ಪಯ್ಯ ಮುಂದಕ್ಕೆ ಬಾಗಿ ಕುಳಿತು, ‘ಆ ಗಿಡ್ಡನನ್ನು ನೋಡು, ಚೆಂಡು ಇನ್ನೂ ಕೈಬಿಟ್ಟಿಲ್ಲ, ಇವನು ಹೊರಟಾಯಿತು’ ಎಂದರು. ಹೆಸರು ನಾನು ಹೇಳಿರಲಿಲ್ಲ. ಮಗಳು ಫೋನಿನಿಂದ ತಲೆಯೆತ್ತಿ ಒಮ್ಮೆ ಪರದೆಯನ್ನು, ಒಮ್ಮೆ ಅಜ್ಜನನ್ನು ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಅವಳೂ ಕೆಳಗೆ ಚಾಪೆಗೆ ಇಳಿದು ಕುಳಿತು, ಮುಂದಿನ ಓಟ ಎಡಕ್ಕೋ ಬಲಕ್ಕೋ ಎಂದು ಅಜ್ಜನ ಜೊತೆ ಪಣ ಕಟ್ಟತೊಡಗಿದಳು. ಒಂದು ಓಟಕ್ಕೆ ಒಂದು ಗೋಟಡಿಕೆ.

ಎರಡನೆಯ ಕ್ವಾರ್ಟರ್ ಮುಗಿಯುವಾಗ ಅಪ್ಪಯ್ಯನ ಗೊರಕೆ ಕೇಳಿಸಿತು. ಮಗಳು ವಿಡಿಯೋ ನಿಲ್ಲಿಸಲು ಕೈ ಚಾಚಿದಳು. ಬೇಡ, ಓಡಲಿ ಎಂದೆ. ಕಂಬಳಿ ತಂದು ಅವರಿಗೆ ಹೊದಿಸಿದೆ. ನಾವಿಬ್ಬರೂ ನೋಡುತ್ತಲೇ ಇದ್ದೆವು. ಎಷ್ಟೋ ಹೊತ್ತಿನ ಮೇಲೆ ಟಿವಿಯಲ್ಲಿ ಜನರ ಸದ್ದು ಒಮ್ಮೆಲೇ ಏರಿದಾಗ ಅಪ್ಪಯ್ಯ ಕಣ್ಣು ಬಿಟ್ಟರು.

‘ಮುಗಿಯಿತಾ?’

‘ಇಲ್ಲ ಅಜ್ಜ, ಇನ್ನೂ ಇದೆ.’

‘ಸರಿ ಹಾಗಾದರೆ’ ಎಂದು ಎದ್ದು ಕುಳಿತು, ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡರು. ‘ಕೂಸೇ, ಒಂದು ಲೋಟ ಕಷಾಯ ಮಾಡು. ಬೆಲ್ಲ ಮುಂದೆ ಇರಲಿ.’